ಮಂದ ಎಣ್ಣೆ ಸ್ಪ್ರಿಂಗಿನ ಕೆಲಸ ಮಾಡುವುದಿಲ್ಲ

ಬ್ರೇಕ್ ಹಿಡಿದರೆ ಬೈಕಿನ ಮುಂಭಾಗ ಕುಸಿಯುತ್ತದೆ, ಗುಂಡಿಗೆ ಇಳಿದರೆ ಫೋರ್ಕ್ (ಮುಂಚಕ್ರವನ್ನು ಹಿಡಿದಿರುವ, ಒಳಗೆ ಸ್ಪ್ರಿಂಗ್ ಮತ್ತು ಎಣ್ಣೆ ಇರುವ ಜೋಡಿ ಕೊಳವೆ) ತಳಕ್ಕೆ ಹೋಗಿ ಬಡಿಯುತ್ತದೆ ಎಂದು ಹೇಳಿಕೊಂಡು ಬರುವವರು ಬಹುಪಾಲು ಒಂದೇ ಪ್ರಶ್ನೆ ಕೇಳುತ್ತಾರೆ: ಫೋರ್ಕಿನ 10ರ ಎಣ್ಣೆ ತೆಗೆದು 15 ಹಾಕಲೇ, 20 ಹಾಕಲೇ? (ಅಂಕಿ ಹೆಚ್ಚಿದಷ್ಟೂ ಎಣ್ಣೆ ಮಂದ.) ಫೋರ್ಕ್ ಬಿಚ್ಚುವ ಧೈರ್ಯವೂ ಸ್ಪ್ಯಾನರ್ ಹಿಡಿಯುವ ಕೈಯೂ ಇರುವ ಇಂಥವರನ್ನು ಕಂಡರೆ ನನಗೆ ನಿಜಕ್ಕೂ ಅಕ್ಕರೆ. ಆದರೆ ಈ ಪ್ರಶ್ನೆಯ ಬುಡವೇ ತಪ್ಪು, ಮತ್ತು ಅದನ್ನು ಎಷ್ಟು ಸಲ ಹೇಳಿದರೂ ಸಾಲದು.

ಬೈಕಿನ ಮತ್ತು ಸವಾರನ ಭಾರವನ್ನು ಹೊರುವುದು ಸ್ಪ್ರಿಂಗ್. ಅದು ಎಷ್ಟು ದೂರ ಅದುಮಿದೆಯೋ ಅಷ್ಟು ಬಲದಿಂದ ತಿರುಗಿ ಒತ್ತುತ್ತದೆ. ಎಣ್ಣೆಗೆ ದೂರ ಗೊತ್ತಿಲ್ಲ, ವೇಗ ಮಾತ್ರ ಗೊತ್ತು. ಸಿರಿಂಜಿನಲ್ಲಿ ಹರಳೆಣ್ಣೆ ತುಂಬಿ ನಿಧಾನವಾಗಿ ಒತ್ತಿದರೆ ಅದು ಸಲೀಸಾಗಿ ಇಳಿಯುತ್ತದೆ, ರಭಸದಿಂದ ಒತ್ತಿದರೆ ಬೆರಳಿಗೆ ಎದುರು ನಿಲ್ಲುತ್ತದೆ, ಒತ್ತುವುದನ್ನು ನಿಲ್ಲಿಸಿದ ಕ್ಷಣ ಯಾವ ಪ್ರತಿರೋಧವೂ ಉಳಿಯುವುದಿಲ್ಲ. ಡ್ಯಾಂಪಿಂಗ್ ರಾಡ್, ಅಂದರೆ ರಂಧ್ರಗಳಿರುವ ಸರಳು, ಇರುವ ಸಾಮಾನ್ಯ ಫೋರ್ಕಿನೊಳಗೆ ನಡೆಯುವುದೂ ಹೆಚ್ಚುಕಡಿಮೆ ಇದೇ: ಎಣ್ಣೆ ಸಣ್ಣ ರಂಧ್ರಗಳ ಮೂಲಕ ನುಗ್ಗಬೇಕು, ಮತ್ತು ವೇಗ ಎರಡು ಪಟ್ಟಾದರೆ ಪ್ರತಿರೋಧ ಸುಮಾರು ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಮಂದ ಎಣ್ಣೆ ಹಾಕಿದರೆ ಬ್ರೇಕ್ ಹಿಡಿದಾಗ ಮುಂಭಾಗ ಕುಸಿಯುವುದು ನಿಲ್ಲುವುದಿಲ್ಲ, ಸ್ವಲ್ಪ ತಡವಾಗಿ ಕುಸಿಯುತ್ತದೆ ಅಷ್ಟೆ. ಚೂಪಾದ ಉಬ್ಬಿನ ಹೊಡೆತ ಮಾತ್ರ ನೇರವಾಗಿ ಮಣಿಕಟ್ಟಿಗೆ ಬರುತ್ತದೆ.

ಇದಕ್ಕಿಂತ ಕೆಟ್ಟ ಪರಿಣಾಮ ಇನ್ನೊಂದಿದೆ. ಮಂದ ಎಣ್ಣೆಯಲ್ಲಿ ಫೋರ್ಕ್ ಮೇಲೇಳುವುದೂ ನಿಧಾನವಾಗುತ್ತದೆ. ಸಾಲಾಗಿ ಉಬ್ಬುತಗ್ಗುಗಳಿರುವ ರಸ್ತೆಯಲ್ಲಿ ಒಂದು ಉಬ್ಬಿನಿಂದ ಚೇತರಿಸಿಕೊಳ್ಳುವ ಮೊದಲೇ ಮುಂದಿನದು ಬಂದು, ಫೋರ್ಕ್ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿದು, ಕೊನೆಗೆ ಯಾವ ತಳ ಬಡಿತವನ್ನು ತಪ್ಪಿಸಲು ಎಣ್ಣೆ ಬದಲಾಯಿಸಿದರೋ ಆ ಬಡಿತವೇ ಮರಳಿ ಬರುತ್ತದೆ.

ನನ್ನ ಬಳಿ ಬಂದಿದ್ದ ಒಬ್ಬ ಭಾರಿ ಆಳು 10ರಿಂದ 15ಕ್ಕೆ, 15ರಿಂದ 20ಕ್ಕೆ ಹೋಗಿ ಸೋತಿದ್ದರು. ನಾನು ಫೋರ್ಕ್ ಬಿಚ್ಚಲಿಲ್ಲ. ಒಳಗಿನ ಕೊಳವೆಗೆ ಒಂದು ಕೇಬಲ್ ಟೈ ಕಟ್ಟಿ, ಎಣ್ಣೆ ಸೋರದಂತೆ ತಡೆಯುವ ಸೀಲಿನ ಅಂಚಿಗೆ ತಾಗಿಸಿ, ಅವರನ್ನು ಮೆಲ್ಲಗೆ ಬೈಕಿನ ಮೇಲೆ ಕೂರಿಸಿ ಇಳಿಸಿದೆ. ಮುಂಚಕ್ರವನ್ನು ನೆಲದಿಂದ ಎತ್ತಿ ಅಳೆದಾಗ, 120 ಮಿಲಿಮೀಟರ್ ಚಲನೆಯಿರುವ ಫೋರ್ಕಿನಲ್ಲಿ ಟೈ 55 ಮಿಲಿಮೀಟರ್ ಸರಿದಿತ್ತು. ಬೈಕ್ ಒಂದಿಂಚೂ ಓಡುವ ಮೊದಲೇ ಅರ್ಧದಷ್ಟು ಚಲನೆ ಖರ್ಚಾಗಿತ್ತು. ಅವರು ಆ ಟೈಯನ್ನು ಬೆರಳಿನಿಂದ ಮುಟ್ಟಿ ನೋಡಿದರು, ಮತ್ತೆ ಎಣ್ಣೆಯ ಮಾತೆತ್ತಲಿಲ್ಲ. ರಸ್ತೆ ಬೈಕಿನಲ್ಲಿ ಸವಾರ ಕುಳಿತಾಗ ಈ ಇಳಿತ ಒಟ್ಟು ಚಲನೆಯ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗಿದ್ದರೆ ಒಳ್ಳೆಯದು. ಅವರ ತೂಕಕ್ಕೆ ಹೊಂದುವ ಬಿಗಿ ಸ್ಪ್ರಿಂಗ್ ಹಾಕಿ ಎಣ್ಣೆಯನ್ನು 10ಕ್ಕೇ ಮರಳಿಸಿದ ಮೇಲೆ ಇಳಿತ 37 ಮಿಲಿಮೀಟರ್‌ಗೆ ನಿಂತಿತು. ಸ್ಪ್ರಿಂಗಿನ ಮೇಲೆ ಉದ್ದನೆಯ ಸ್ಪೇಸರ್ (ಸ್ಪ್ರಿಂಗನ್ನು ಮೊದಲೇ ಅದುಮಿಡುವ ಕೊಳವೆ ತುಂಡು) ಇಟ್ಟಿದ್ದರೂ ಇಳಿತ ಕಡಿಮೆಯಾಗುತ್ತಿತ್ತು, ಆದರೆ ಅದರಿಂದ ಬೈಕಿನ ಎತ್ತರ ಬದಲಾಗುತ್ತದೆಯೇ ಹೊರತು ಸ್ಪ್ರಿಂಗ್ ಬಿಗಿಯಾಗುವುದಿಲ್ಲ.

ಡಬ್ಬಿಯ ಮೇಲಿನ ಅಂಕಿಯನ್ನೂ ಪೂರ್ತಿ ನಂಬಬೇಡಿ. ಒಬ್ಬ ತಯಾರಕರ 10 ಇನ್ನೊಬ್ಬರ 10ಕ್ಕಿಂತ ಗಣನೀಯವಾಗಿ ಮಂದವಿರಬಹುದು. ಹೋಲಿಸುವುದಾದರೆ 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೊಟ್ಟಿರುವ ಸೆಂಟಿಸ್ಟೋಕ್ (ಎಣ್ಣೆ ಎಷ್ಟು ಮಂದ ಎಂದು ಅಳೆಯುವ ಮಾನ) ಅಂಕಿಯನ್ನು ಹೋಲಿಸಿ.

ಬಿಚ್ಚುವ ಕ್ರಮ ನಿಮ್ಮ ಬೈಕಿನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿದೆ, ನನ್ನ ಮಾತಿಗೂ ಅದಕ್ಕೂ ವ್ಯತ್ಯಾಸ ಕಂಡರೆ ಅದನ್ನೇ ಅನುಸರಿಸಿ. ಫೋರ್ಕನ್ನು ಬೈಕಿಗೆ ಹಿಡಿದಿರುವ ಎರಡು ಕ್ಲ್ಯಾಂಪ್‌ಗಳಲ್ಲಿ ಮೇಲಿನದನ್ನು ಸಡಿಲಿಸಿ, ಫೋರ್ಕ್ ಇನ್ನೂ ಕೆಳಗಿನ ಕ್ಲ್ಯಾಂಪಿನಲ್ಲಿ ಬಿಗಿಯಾಗಿರುವಾಗಲೇ ಮೇಲ್ಮುಚ್ಚಳವನ್ನು ಅರ್ಧ ಸುತ್ತು ಬಿಡಿಸಿಕೊಳ್ಳಿ. ಪೂರ್ತಿ ಬಿಚ್ಚುವಾಗ ಮುಖ ಅದರ ನೇರಕ್ಕಿರಬಾರದು, ಒಳಗೆ ಅದುಮಿದ ಸ್ಪ್ರಿಂಗ್ ಇದೆ. ಎಣ್ಣೆಯನ್ನು ಮಿಲಿಲೀಟರ್ ಲೆಕ್ಕದಲ್ಲಷ್ಟೇ ಸುರಿದು ಸುಮ್ಮನಾಗಬೇಡಿ, ಏಕೆಂದರೆ ಹಳೆಯದು ಫೋರ್ಕಿನ ಎರಡೂ ಕಾಲುಗಳಿಂದ (ಎಡ, ಬಲ ಕೊಳವೆಗಳಿಂದ) ಒಂದೇ ಸಮನಾಗಿ ಬಸಿದಿರುವುದಿಲ್ಲ. ಸಾಮಾನ್ಯ ಫೋರ್ಕ್ ಆದರೆ ಸ್ಪ್ರಿಂಗ್ ಹೊರಗಿಟ್ಟು, ನಿಧಾನವಾಗಿ ಹಲವು ಸಲ ಮೇಲೆ ಕೆಳಗೆ ಆಡಿಸಿ ಗಾಳಿ ಹೊರಗೆ ಬಿಟ್ಟು, ಹತ್ತು ನಿಮಿಷ ನೆಟ್ಟಗೆ ನಿಲ್ಲಿಸಿ, ಪೂರ್ತಿ ಒಳಗೆ ಒತ್ತಿದ ಸ್ಥಿತಿಯಲ್ಲಿ ಕೊಳವೆಯ ಬಾಯಿಯಿಂದ ಎಣ್ಣೆಯ ಮಟ್ಟದವರೆಗೆ ಅಳೆಯಿರಿ. ಅಲ್ಲಿ ಉಳಿಯುವ ಗಾಳಿಯೂ ಒಂದು ಸ್ಪ್ರಿಂಗೇ. ಎಣ್ಣೆ ಹೆಚ್ಚಾಗಿ ಗಾಳಿಗೆ ಜಾಗವಿಲ್ಲದಂತಾದರೆ ಸೀಲ್ ಕಿತ್ತುಹೋಗುತ್ತದೆ. ಡ್ಯಾಂಪಿಂಗ್ ಭಾಗಗಳನ್ನು ಮೊಹರು ಮಾಡಿದ ಕೊಳವೆಯೊಳಗೆ (ಕಾರ್ಟ್ರಿಜ್) ಇಟ್ಟಿರುವ ಅಥವಾ ಎಲೆಕ್ಟ್ರಾನಿಕ್ ನಿಯಂತ್ರಣವಿರುವ ಫೋರ್ಕ್‌ಗಳನ್ನು ಮಾತ್ರ ಮನೆಯಲ್ಲಿ ಬಿಚ್ಚಬೇಡಿ.

ಮರಳಿ ಜೋಡಿಸುವಾಗ ಆಕ್ಸಲ್ ನಟ್ ಬಿಗಿ ಮಾಡಿ, ಆಕ್ಸಲ್ ಹಿಡಿಯುವ ಪಿಂಚ್ ಬೋಲ್ಟನ್ನು ಸಡಿಲವಾಗಿಯೇ ಬಿಡಿ. ಬ್ರೇಕ್ ಲಿವರನ್ನು ಗಟ್ಟಿಯಾಗುವವರೆಗೆ ಒತ್ತಿಕೊಂಡು, ಬೈಕನ್ನು ನೆಲಕ್ಕಿಳಿಸಿ, ಮುಂಬ್ರೇಕ್ ಹಿಡಿದು ಹ್ಯಾಂಡಲನ್ನು ಐದಾರು ಸಲ ಜೋರಾಗಿ ಅದುಮಿ. ಎರಡು ಕಾಲುಗಳೂ ಸಮಾನಾಂತರಕ್ಕೆ ಬಂದ ಮೇಲೆ ಆ ಬೋಲ್ಟನ್ನು ಮ್ಯಾನ್ಯುಯಲ್ ಹೇಳಿದಷ್ಟು ಬಿಗಿ ಮಾಡಿ. ಇದನ್ನು ಬಿಟ್ಟರೆ ಕಾಲುಗಳು ಒಂದಕ್ಕೊಂದು ಸೆಳೆದುಕೊಂಡು ಫೋರ್ಕ್ ತಡೆತಡೆದು ಚಲಿಸುತ್ತದೆ, ಆಗಲೂ ಜನ ಎಣ್ಣೆಯನ್ನೇ ದೂರುತ್ತಾರೆ.