ಕಾರ್ಡ್ ಬಿಸಾಡುವ ಮುಂಚೆ ಸ್ಲಾಟ್ ಬದಲಿಸಿ ನೋಡಿ

ತುಮಕೂರಿನ ಹಿರೇಹಳ್ಳಿ, ಅಂತರಸನಹಳ್ಳಿ ಕಡೆಯ ವರ್ಕ್‌ಶಾಪ್‌ಗಳಿಗೆ ಹೋದರೆ ವಿಂಡೋಸ್ 98 ಪಿಸಿಗಳು ಇನ್ನೂ ಕಣ್ಣಿಗೆ ಬೀಳುತ್ತವೆ. ಮಾಲೀಕರಿಗೆ ಹಳೇದರ ಮೇಲೆ ಮೋಹ ಅಂತೇನಲ್ಲ. ಮೆಷಿನ್ ಜೊತೆ ಬಂದ ಕಂಟ್ರೋಲ್ ಕಾರ್ಡ್‌ಗೆ ಐಎಸ್‌ಎ ಅನ್ನುವ ಹಳೇ ಕಾಲದ ಸ್ಲಾಟೇ ಬೇಕು. ಈಗಿನ ಮಾಮೂಲಿ ಮದರ್‌ಬೋರ್ಡ್‌ಗಳಲ್ಲಿ ಅದು ಇಲ್ಲ. ಪಿಸಿಗೋಸ್ಕರ ಮೆಷಿನ್ ಬದಲಿಸೋಕಾಗುತ್ತಾ?

"ಸಾರ್, ನೆಟ್‌ವರ್ಕ್ ಕಾರ್ಡ್ ಹಾಕಿದ್ವಿ, ಈಗ ಮೆಷಿನ್ನೂ ಓಡ್ತಿಲ್ಲ" ಅನ್ನುವ ಫೋನ್ ಬಂದರೆ ನನಗೆ ಮೊದಲು ಅನುಮಾನ ಬರುವುದು ಐಆರ್‌ಕ್ಯು ಮೇಲೆ. ಕಾರ್ಡ್ ಪ್ರೊಸೆಸರನ್ನು ಕರೆಯುವ ಲೈನ್ ಅದು. ಎರಡು ಕಾರ್ಡ್ ಒಂದೇ ಲೈನ್ ಹಿಡಿದರೆ ಜಗಳ ಶುರುವಾಗಬಹುದು. ಹಳೇ ಪಿಸಿಯಲ್ಲಿ 0ರಿಂದ 15ರವರೆಗೆ 16 ಲೈನ್. ಟೈಮರ್‌ಗೆ 0, ಕೀಬೋರ್ಡ್‌ಗೆ 1, ಸೀರಿಯಲ್ ಪೋರ್ಟ್‌ಗಳಿಗೆ 3 ಮತ್ತು 4, ಫ್ಲಾಪಿಗೆ 6, ಪ್ರಿಂಟರ್ ಪೋರ್ಟ್‌ಗೆ 7, ಹಾರ್ಡ್‌ಡಿಸ್ಕ್‌ಗೆ 14, 15. ಬೋರ್ಡ್‌ನ ಉಳಿದ ಕೆಲಸಗಳಿಗೂ ಹೀಗೇ ಹಂಚಿ ಮುಗಿಯುವ ಹೊತ್ತಿಗೆ ಕೈಯಲ್ಲಿ ಉಳಿಯುವುದು ಹೆಚ್ಚುಕಮ್ಮಿ 5, 9, 10, 11 ಅಷ್ಟೇ.

ಐಎಸ್‌ಎ ಕಾರ್ಡ್ ತನ್ನ ಲೈನನ್ನು ಯಾರ ಜೊತೆಗೂ ಹಂಚಿಕೊಳ್ಳಲ್ಲ. ಐಎಸ್‌ಎ ನಂತರ ಬಂದ ಪಿಸಿಐ ಸ್ಲಾಟ್‌ನ ಕಾರ್ಡ್ ಹಂಚಿಕೊಳ್ಳುತ್ತದೆ, ಆದರೆ ಕಾರ್ಡ್ ನಡೆಸುವ ಸಾಫ್ಟ್‌ವೇರ್, ಅಂದರೆ ಡ್ರೈವರ್ ಬರೆದವರು ಸರಿಯಾಗಿ ಬರೆದಿರಬೇಕು. ಅಗ್ಗದ ಕಾರ್ಡ್‌ಗಳ ತಕರಾರು ಶುರುವಾಗುವುದು ಇಲ್ಲೇ.

ಜಾಸ್ತಿ ಜನ ಗಮನಿಸದ ವಿಷಯ ಒಂದಿದೆ. ಪಿಸಿಐ ಸ್ಲಾಟ್‌ಗಳಿಗೆ ಪ್ರೊಸೆಸರನ್ನು ಕರೆಯಲು ನಾಲ್ಕು ಇಂಟರಪ್ಟ್ ಪಿನ್: ಎ, ಬಿ, ಸಿ, ಡಿ. ಮಾಮೂಲಿ ಕಾರ್ಡ್ ಬಳಸುವುದು ಎ ಒಂದನ್ನೇ. ಬೋರ್ಡ್ ಮಾಡುವವರು ಪ್ರತಿ ಸ್ಲಾಟ್‌ನ ಎ ಪಿನ್ನನ್ನು ಬೇರೆ ಬೇರೆ ಲೈನ್‌ಗೆ ಎಳೆದಿರುತ್ತಾರೆ. ಲೈನ್ ನಾಲ್ಕೇ, ಸ್ಲಾಟ್ ಐದಾರು. ಹಾಗಾಗಿ ಒಂದು ಮತ್ತು ಐದನೇ ಸ್ಲಾಟ್ ಜೋಡಿಯಾಗಿರುವುದು ತುಂಬಾ ಮಾಮೂಲಿ. ಡಿಸ್‌ಪ್ಲೇ ಕಾರ್ಡ್ ಕೂರುವ ಎಜಿಪಿ ಸ್ಲಾಟ್‌ನ ಪಕ್ಕದ ಮೊದಲ ಸ್ಲಾಟ್ ಅನೇಕ ಬೋರ್ಡ್‌ಗಳಲ್ಲಿ ಅದರ ಜೊತೆ ಲೈನ್ ಹಂಚಿಕೊಳ್ಳುತ್ತದೆ. ನಾನಂತೂ ಅದನ್ನು ಖಾಲಿ ಬಿಡುತ್ತೇನೆ. ಗಾಳಿಯೂ ಆಡುತ್ತದೆ. ನೆಟ್‌ವರ್ಕ್ ಕಾರ್ಡನ್ನು ಎರಡು ಅಥವಾ ಮೂರನೇ ಸ್ಲಾಟ್‌ಗೆ ಹಾಕಿ ನೋಡಿ. ಬೋರ್ಡ್‌ನ ಮ್ಯಾನುಯಲ್ ಸಿಕ್ಕರೆ ಯಾವ ಸ್ಲಾಟ್ ಯಾವುದರ ಜೊತೆ ಅನ್ನುವ ಪಟ್ಟಿ ಅದರಲ್ಲೇ ಇರುತ್ತದೆ.

ಇಷ್ಟಾದರೂ ಜಗಳ ನಿಲ್ಲದಿದ್ದರೆ ಬಯಾಸ್‌ಗೆ, ಅಂದರೆ ಪಿಸಿ ಆನ್ ಆಗುವಾಗ ತೆರೆಯುವ ಬೋರ್ಡ್‌ನ ಸೆಟ್ಟಿಂಗ್‌ಗೆ ಹೋಗಿ. ಐಎಸ್‌ಎ ಕಾರ್ಡ್‌ನ ಜಂಪರ್ (ನಂಬರ್ ಆರಿಸುವ ಪುಟ್ಟ ಕ್ಲಿಪ್) ಯಾವ ನಂಬರಿಗಿದೆಯೋ ಆ ಐಆರ್‌ಕ್ಯುವನ್ನು 'ಲೆಗಸಿ ಐಎಸ್‌ಎ' ಅಂತ ಕಾಯ್ದಿರಿಸಿ. ಬಳಸದ ಸೀರಿಯಲ್ ಪೋರ್ಟ್ ಆಫ್ ಮಾಡಿ, ಅದರ ಲೈನ್ ಖಾಲಿಯಾಗುತ್ತದೆ. ಪ್ರಿಂಟರ್ ಇಲ್ಲ ಅಂತ ಸುಮ್ನೆ ಪ್ಯಾರಲಲ್ ಪೋರ್ಟ್ (ಪ್ರಿಂಟರ್ ಪೋರ್ಟ್) ಆಫ್ ಮಾಡಬೇಡಿ. ಒಮ್ಮೆ ಹಿಂದೆ ಬಗ್ಗಿ ನೋಡಿ, ಅಕೌಂಟ್ಸ್ ಸಾಫ್ಟ್‌ವೇರ್ ಓಡಲು ಬೇಕಾದ ಬೀಗದ ಕೈಯಂಥ ಡಾಂಗಲ್ ಅಲ್ಲೇ ಕೂತಿರಬಹುದು. ಕೊನೆಗೆ 'ರೀಸೆಟ್ ಕಾನ್ಫಿಗರೇಶನ್ ಡೇಟಾ' ಕೊಟ್ಟರೆ ಬೋರ್ಡ್ ಲೈನ್‌ಗಳನ್ನು ಹೊಸದಾಗಿ ಲೆಕ್ಕ ಹಾಕಿ ಹಂಚುತ್ತದೆ.

ಕಾರ್ಡ್‌ಗಳನ್ನು ಒಂದೊಂದಾಗಿ ಹಾಕಿ. ಮುಟ್ಟುವ ಮುಂಚೆ ಪವರ್ ಕೇಬಲ್ ಕಿತ್ತಿರಲಿ. ಎಟಿಎಕ್ಸ್ ಪವರ್ ಸಪ್ಲೈ ಇರುವ ಪಿಸಿ ಶಟ್‌ಡೌನ್ ಆದರೂ ಬೋರ್ಡ್‌ನಲ್ಲಿ 5 ವೋಲ್ಟ್ ಇದ್ದೇ ಇರುತ್ತದೆ.

ಶನಿವಾರ ಸರಿಯಿದ್ದದ್ದು ಭಾನುವಾರ ಮೇನ್ ಆಫ್ ಆಗಿ ಸೋಮವಾರ ಕೈಕೊಟ್ಟರೆ ಸ್ಲಾಟ್ ಮುಟ್ಟಬೇಡಿ. ಬೋರ್ಡ್‌ನ ಸಿಆರ್2032 ಸೆಲ್ ಸತ್ತಿರುತ್ತದೆ. ಬಯಾಸ್ ಎಲ್ಲ ಮರೆತು, ನೀವು ಆಫ್ ಮಾಡಿದ್ದ ಪೋರ್ಟ್‌ಗಳನ್ನು ಮತ್ತೆ ಆನ್ ಮಾಡಿಕೊಂಡಿರುತ್ತದೆ. ಸೆಲ್ ಬದಲಿಸಿ, ಸೆಟ್ಟಿಂಗ್ ಮತ್ತೆ ಹಾಕಿ, ಅದನ್ನೊಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ ಒಳಗೇ ಅಂಟಿಸಿಬಿಡಿ.