ಓದುಗರ ಪ್ರಶ್ನೆ: ಜರ್ಮನಿಯಲ್ಲಿರುವ ಮಗಳಿಗೆ ಅಪ್ಪೆಮಿಡಿ ಕಳಿಸುವುದು ಹೇಗೆ?

ಪ್ರಶ್ನೆ: ನಮ್ಮದು ಶಿರಸಿ ಸಮೀಪದ ಹಳ್ಳಿ. ಮಗಳು ಎರಡು ವರ್ಷದಿಂದ ಜರ್ಮನಿಯಲ್ಲಿದ್ದಾಳೆ. ಹೋದ ಸಲ ಒಯ್ದ ಅಪ್ಪೆಮಿಡಿ (ಗೊರಟು ಬಲಿಯದ, ಪರಿಮಳದ ಎಳೆ ಮಾವು) ಉಪ್ಪಿನಕಾಯಿ ದಾರಿಯಲ್ಲೇ ಸೋರಿತು, ಉಳಿದದ್ದು ಮೂರು ತಿಂಗಳಿಗೆ ಮೆತ್ತಗಾಯಿತು. ಕೆಡದ ಹಾಗೆ ಕಳಿಸುವ ದಾರಿ ಇದೆಯೇ? ಇಲ್ಲವಾದರೆ ಅಲ್ಲಿ ಸಿಗುವ ಯಾವುದಾದರೂ ಕಾಯಿಯಲ್ಲಿ ಅದೇ ಉಪ್ಪಿನಕಾಯಿ ಹಾಕಿಕೊಳ್ಳಬಹುದೇ?

ಉತ್ತರ: ದಾರಿ ಇದೆ. ಖಾರ ಬೆರೆಸಿದ ಉಪ್ಪಿನಕಾಯಿಯನ್ನು ಕಳಿಸಬೇಡಿ. ಉಪ್ಪಿನಲ್ಲಿ ಚಿರುಟಿದ ಮಿಡಿಯನ್ನು ನೀರು ಬಸಿದು ಕಳಿಸಿ, ಖಾರದ ಪುಡಿಯನ್ನು ಬೇರೆ ಕಟ್ಟಿಕೊಡಿ, ಎರಡನ್ನೂ ಕೂಡಿಸುವ ಕೆಲಸವನ್ನು ಮಗಳೇ ಅಲ್ಲಿ ಮಾಡಿಕೊಳ್ಳಲಿ. ಎರಡನೆಯ ಪ್ರಶ್ನೆಗೆ ಉತ್ತರ ಅರ್ಧ ಹೌದು, ಅರ್ಧ ಅಲ್ಲ. ಅಪ್ಪೆಮಿಡಿ ಉಪ್ಪಿನಕಾಯಿಯ ಕ್ರಮವನ್ನು ಜಗತ್ತಿನ ಯಾವ ಊರಿನಲ್ಲಿಯೂ ಮಾಡಬಹುದು, ಅದರ ಪರಿಮಳವನ್ನು ಮಾತ್ರ ಬೇರೆ ಕಾಯಿಯಿಂದ ತರಿಸಲಾಗದು.

ನೀವು ಸೋರಿದ್ದನ್ನೂ ಮೆತ್ತಗಾದದ್ದನ್ನೂ ಎರಡು ತೊಂದರೆಗಳೆಂದು ಬರೆದಿದ್ದೀರಿ, ಆದರೆ ಇವೆರಡರ ಬೇರು ಒಂದೇ ಎಂದು ನನ್ನ ಅಂದಾಜು. ಹಾರುವ ವಿಮಾನದೊಳಗಿನ ಗಾಳಿಯ ಒತ್ತಡ ನೆಲದ ಮೇಲಿನದ್ದರ ಸುಮಾರು ಮುಕ್ಕಾಲು ಪಾಲಿಗೆ ಇಳಿಯುತ್ತದೆ, ಪೆಟ್ಟಿಗೆಗಳನ್ನಿಡುವ ಕೆಳಗಿನ ಅಂಕಣದಲ್ಲಿಯೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆಗ ಡಬ್ಬದ ಬಾಯಿಯಲ್ಲಿ ಉಳಿದಿದ್ದ ಗಾಳಿ ಮೂರನೆಯ ಒಂದು ಪಾಲಿನಷ್ಟು ಹಿಗ್ಗಿ, ಮುಚ್ಚಳದ ಸಂದಿಯಿಂದ ರಸವನ್ನು ಹೊರಗೆ ತಳ್ಳುತ್ತದೆ. ಹೊಸ ಉಪ್ಪಿನಕಾಯಿಯಾಗಿದ್ದು ಒಳಗೆ ಇನ್ನೂ ಹುದುಗು ನಡೆಯುತ್ತಿದ್ದರೆ ಅದರಿಂದ ಹುಟ್ಟುವ ಗಾಳಿಯೂ ಇದರ ಜೊತೆಗೆ ಸೇರುತ್ತದೆ. ಹೀಗೆ ರಸ ಹೋದ ಮೇಲೆ ಮೇಲಿನ ಮಿಡಿಗಳು ಉಪ್ಪುನೀರಿನಿಂದ ಹೊರಗೆ ಉಳಿಯುತ್ತವೆ, ಅಲ್ಲಿ ಬೂಸಲು ಕಟ್ಟುತ್ತದೆ, ಮತ್ತು ಆ ಬೂಸಲು ಬಿಡುವ ಕಿಣ್ವ ಕಾಯಿಯನ್ನು ಗಟ್ಟಿಯಾಗಿ ಹಿಡಿದಿಡುವ ಪೆಕ್ಟಿನ್ನನ್ನು ಕರಗಿಸಿಬಿಡುತ್ತದೆ. ಕಚ್ಚಿದರೆ ಕಟಕ್ ಎನ್ನಬೇಕಾದ ಮಿಡಿ ಹತ್ತಿಯಂತಾಗುವುದು ಹೀಗೆ. ಹವೆಯ ತಪ್ಪಾಗಲಿ ಮಗಳ ಅಜಾಗರೂಕತೆಯಾಗಲಿ ಇದರಲ್ಲಿ ಇರಲಾರದು.

ಇದನ್ನು ನಾನು ಕಲಿತದ್ದು ನನ್ನ ತಮ್ಮ ಮೊದಲ ಸಲ ಪರದೇಶಕ್ಕೆ ಹೊರಟಾಗ. ಆಯಿ ಮೂರು ಪ್ಲಾಸ್ಟಿಕ್ ಚೀಲ ಸುತ್ತಿ, ಅದರ ಮೇಲೆ ಹಳೆಯ ಪಂಚೆ ಕಟ್ಟಿ ಕೊಟ್ಟಿದ್ದ ಡಬ್ಬ ಅದು. ತಲುಪಿದ ರಾತ್ರಿ ಅವನು ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ಆಯಿ, ಉಪ್ಪಿನಕಾಯಿ ಎಲ್ಲ ಅಂಗಿಗೇ ಆತು." ಸಂದರ್ಶನಕ್ಕೆಂದು ಹೊಲಿಸಿದ್ದ ಬಿಳಿ ಅಂಗಿಯ ಬೆನ್ನಿನ ಮೇಲೆ ಬ್ಯಾಡಗಿ ಮೆಣಸಿನ ಕೆಂಪು ಅಂಗೈ ಅಗಲಕ್ಕೆ ಹರಡಿತ್ತಂತೆ. ಮರುವರ್ಷದಿಂದ ನಮ್ಮ ಮನೆಯಲ್ಲಿ ಅವನ ಪಾಲಿನ ಮಿಡಿಗೆ ಇಲ್ಲಿ ಖಾರ ಬೆರೆಸುವುದನ್ನೇ ಬಿಟ್ಟೆವು.

ಕ್ರಮ ನಿಮಗೆ ಗೊತ್ತಿರುವುದೇ, ಆದರೆ ಮಗಳಿಗೆ ಓದಿ ಹೇಳಲು ಅನುಕೂಲವಾಗಲೆಂದು ಅಳತೆಯೊಡನೆ ಬರೆಯುತ್ತೇನೆ. ತೊಟ್ಟು ಉಳಿಸಿ, ಸೊನೆ ಹಾರದಂತೆ ಕೊಯ್ದ ಮಿಡಿಯನ್ನು ಬಟ್ಟೆಯಲ್ಲಿ ಒರೆಸಿ, ಮಿಡಿಯ ತೂಕದ ಕಾಲು ಭಾಗದಷ್ಟು ಕಲ್ಲುಪ್ಪಿನೊಡನೆ ಪದರ ಪದರವಾಗಿ ಭರಣಿಗೆ ತುಂಬಬೇಕು. ಒಂದು ಹನಿ ನೀರನ್ನೂ ಹಾಕುವುದಿಲ್ಲ. ಮೂರು ನಾಲ್ಕು ದಿನಗಳಲ್ಲಿ ಕಾಯಿ ತಾನೇ ನೀರು ಬಿಡುತ್ತದೆ, ದಿನಕ್ಕೊಮ್ಮೆ ಭರಣಿಯನ್ನು ಅಲುಗಿಸುತ್ತಿದ್ದರೆ ಹದಿನೈದು ದಿನಗಳ ಹೊತ್ತಿಗೆ ಹಸಿರು ಬಣ್ಣ ಕಂದಿ, ಸಿಪ್ಪೆ ಮುದುಕಿಯ ಕೈಬೆರಳಿನಂತೆ ನೆರಿಗೆ ಕಟ್ಟಿ, ಮಿಡಿ ಅರ್ಧಕ್ಕೆ ಇಳಿದಿರುತ್ತದೆ. ಈ ಸ್ಥಿತಿಯಲ್ಲಿ ಅದು ವರ್ಷಗಟ್ಟಲೆ ಇರುತ್ತದೆ. ನಮ್ಮ ಕಡೆಯ ಮನೆಗಳಲ್ಲಿ ಉಪ್ಪಿನ ಮಿಡಿಯನ್ನು ಹಾಗೆಯೇ ಇಟ್ಟು, ಬೇಕಾದಾಗ ಬೇಕಾದಷ್ಟಕ್ಕೆ ಖಾರ ಬೀಸಿ ಬೆರೆಸುವ ರೂಢಿ ಮೊದಲಿನಿಂದಲೂ ಇದೆ. ಪರದೇಶಕ್ಕೆ ಕಳಿಸಲು ಹೊಸದೇನನ್ನೂ ಕಂಡುಹಿಡಿಯಬೇಕಾಗಿಲ್ಲ, ಆ ರೂಢಿಯ ನಡುವಿನಲ್ಲಿ ಒಂದು ವಿಮಾನ ಪ್ರಯಾಣವನ್ನು ಸೇರಿಸಿದರೆ ಆಯಿತು.

ಕಳಿಸುವ ಹಿಂದಿನ ದಿನ ಮಿಡಿಯನ್ನು ಬಸಿದು, ಒಂದು ಹಿಡಿ ಒಣ ಕಲ್ಲುಪ್ಪು ಉದುರಿಸಿ, ದಪ್ಪ ಚೀಲದಲ್ಲಿ ಗಾಳಿ ತೆಗೆದು ಕಟ್ಟಿ. ಹುರಿದು ಪುಡಿ ಮಾಡಿದ ಒಣಮೆಣಸು, ಸಾಸಿವೆ, ಅರಿಶಿನ ಬೇರೆ ಪೊಟ್ಟಣದಲ್ಲಿರಲಿ. ಅಲ್ಲಿ ಮಗಳು 1 ಲೀಟರ್ ನೀರಿಗೆ ಸುಮಾರು 250 ಗ್ರಾಂ ಉಪ್ಪು ಹಾಕಿ ಕುದಿಸಿ, ಪೂರ್ತಿ ತಣಿದ ಮೇಲೆ ಆ ನೀರಿನಲ್ಲಿ ಪುಡಿಯನ್ನು ಕಲಸಿ, ಮಿಡಿ ಮುಳುಗುವಂತೆ ಗಾಜಿನ ಬಾಟಲಿಗೆ ತುಂಬಲಿ. ಉಪ್ಪನ್ನು ಲೋಟದಲ್ಲಿ ಅಳೆಯದೆ ತೂಗಿಯೇ ಹಾಕಬೇಕು, ಏಕೆಂದರೆ ಒಂದು ಲೋಟ ಪುಡಿಯುಪ್ಪು ಒಂದು ಲೋಟ ಕಲ್ಲುಪ್ಪಿಗಿಂತ ಹೆಚ್ಚು ತೂಗುತ್ತದೆ. ಉಂಡೆಗಟ್ಟದಂತೆ ಬೆರಕೆ ಸೇರಿಸಿದ ಟೇಬಲ್ ಉಪ್ಪು ನೀರನ್ನು ಕದಡಿದಂತೆ ಕಾಣಿಸುತ್ತದೆ, ಹಾಗಾಗಿ ಬೆರಕೆಯಿಲ್ಲದ ಸಮುದ್ರದ ಉಪ್ಪು ಒಳ್ಳೆಯದು. ಉಪ್ಪು ಕಡಿಮೆ ಮಾಡಿ ಆರೋಗ್ಯಕರ ಉಪ್ಪಿನಕಾಯಿ ಹಾಕುವ ಉಪದೇಶಕ್ಕೆ ದಯವಿಟ್ಟು ಕಿವಿಗೊಡಬೇಡಿ. ಉಪ್ಪಿನ ಬಲದಿಂದಲೇ ಉಳಿಯಬೇಕಾದ ಉಪ್ಪಿನಕಾಯಿಯಲ್ಲಿ ಕನಿಷ್ಠ 12 ಶೇಕಡಾ ಉಪ್ಪು ಇರಬೇಕೆಂದು ನಮ್ಮ ದೇಶದ ಆಹಾರ ಸುರಕ್ಷತಾ ನಿಯಮವೇ ಹೇಳುತ್ತದೆ. ಉಪ್ಪು ಹೆಚ್ಚೆನಿಸಿದರೆ ಅನ್ನಕ್ಕೆ ಹಚ್ಚಿಕೊಳ್ಳುವುದನ್ನು ಕಡಿಮೆ ಮಾಡಬಹುದು.

ಸುಂಕದ ಕಟ್ಟೆಯ ವಿಷಯ. ಹಸಿ ಮಿಡಿಯನ್ನು ಒಯ್ಯುವ ಯೋಚನೆ ಬೇಡ. 2019ರ ಡಿಸೆಂಬರ್‌ನಿಂದ ಐರೋಪ್ಯ ಒಕ್ಕೂಟದ ದೇಶಗಳಿಗೆ ಹಸಿ ಹಣ್ಣು, ಕಾಯಿ, ತರಕಾರಿ ಒಯ್ಯಲು ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಅನಾನಸು, ಬಾಳೆ, ತೆಂಗಿನಕಾಯಿ, ಖರ್ಜೂರ, ಡುರಿಯನ್ ಎಂಬ ಐದಕ್ಕೆ ಮಾತ್ರ ವಿನಾಯಿತಿ ಇದೆ, ಮಾವು ಆ ಪಟ್ಟಿಯಲ್ಲಿಲ್ಲ. ಮನೆಯ ಕರಿಬೇವು ಕೂಡ ಇದೇ ನಿಯಮಕ್ಕೆ ಸಿಗುತ್ತದೆ. ಹಾಲಿನ ಪದಾರ್ಥ ಮತ್ತು ಮಾಂಸವನ್ನು ನಮ್ಮ ದೇಶದಿಂದ ಅಲ್ಲಿಗೆ ಒಯ್ಯುವಂತಿಲ್ಲ, ಆದ್ದರಿಂದ ತುಪ್ಪದ ಬಾಟಲಿಯನ್ನು ಮನೆಯಲ್ಲೇ ಬಿಡಿ. ಒಣಕೊಬ್ಬರಿ ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಸಾಲಿನಲ್ಲಿರುವುದರಿಂದ ವಿಮಾನದವರೇ ತಡೆಯುತ್ತಾರೆ. ಭಟ್ಕಳ, ಕಾರವಾರದ ಕಡೆಯಿಂದ ಕೊಲ್ಲಿ ದೇಶಗಳಿಗೆ ಹೋಗುವವರು ಗಸಗಸೆಯನ್ನು ಮರೆತೂ ಇಟ್ಟುಕೊಳ್ಳಬಾರದು, ಅರಬ್ ಸಂಯುಕ್ತ ಸಂಸ್ಥಾನದಲ್ಲಿ ಅದು ಮಾದಕವಸ್ತುವಿನ ಲೆಕ್ಕಕ್ಕೆ ಬರುತ್ತದೆ. ಅಮೆರಿಕ, ಆಸ್ಟ್ರೇಲಿಯಗಳಲ್ಲಿ ಇಳಿಯುವವರು ತಿನ್ನುವ ವಸ್ತು ಏನಿದ್ದರೂ ಚೀಟಿಯಲ್ಲಿ ಬರೆಯಲೇಬೇಕು. ಬರೆದರೆ ಹೆಚ್ಚೆಂದರೆ ವಸ್ತು ಹೋಗುತ್ತದೆ, ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ ಬೀಳುತ್ತದೆ.

ಕರಾವಳಿಯವರಿಗೊಂದು ಮಾತು. ಒಣಮೀನು, ಸಿಗಡಿ ಉಪ್ಪಿನಕಾಯಿಗಳು ಮೀನಿನ ಲೆಕ್ಕಕ್ಕೆ ಬರುವುದರಿಂದ ಸ್ವಂತ ಬಳಕೆಗೆಂದು ಯುರೋಪಿಗೆ 20 ಕಿಲೋದವರೆಗೆ ಒಯ್ಯಲು ಅವಕಾಶವಿದೆ. ಆದರೆ ಕಾರವಾರದ ಮನೆಗಳ ಸಿಗಡಿ ಉಪ್ಪಿನಕಾಯಿಯನ್ನು ಮಾವಿನ ಉಪ್ಪಿನಕಾಯಿಯಂತೆ ಕಪಾಟಿನಲ್ಲಿಡುವುದು ಅಪಾಯ. ಮಾವು, ಅಂಬಡೆ, ಬಿಂಬುಳಿಗಳು ಹುಟ್ಟಿನಿಂದಲೇ ಹುಳಿ, ಹುಳಿಯ ಅಳತೆಯಾದ ಪಿಎಚ್ (ಇಳಿದಷ್ಟೂ ಹುಳಿ ಹೆಚ್ಚು) 4.6ಕ್ಕಿಂತ ಕೆಳಗಿದ್ದರೆ ಬಾಟ್ಯುಲಿಸಂ ಎಂಬ ಮಾರಕ ಆಹಾರವಿಷ ತರುವ ಸೂಕ್ಷ್ಮಾಣು ಬೆಳೆಯುವುದಿಲ್ಲ. ಸಿಗಡಿಗೂ ಬೆಳ್ಳುಳ್ಳಿಗೂ ಆ ರಕ್ಷಣೆಯಿಲ್ಲ, ಮೇಲೆ ಎಣ್ಣೆ ನಿಂತು ಗಾಳಿ ತಪ್ಪಿದರೆ ಆ ಸೂಕ್ಷ್ಮಾಣುವಿಗೆ ಅನುಕೂಲವೇ. ಅದನ್ನು ಫ್ರಿಜ್‌ನಲ್ಲಿಟ್ಟು ಬೇಗ ಮುಗಿಸಬೇಕು.

ಇನ್ನು ಅಲ್ಲಿನ ಕಾಯಿಗಳು. ಏಷ್ಯಾದ ಅಂಗಡಿಗಳಲ್ಲಿ ಸಿಗುವ ಹಸಿರು ಮಾವು ಗೊರಟು ಬಲಿತದ್ದು, ಅದರಿಂದ ಹೋಳಿನ ಉಪ್ಪಿನಕಾಯಿ ಆಗುತ್ತದೆಯೇ ಹೊರತು ಮಿಡಿಯದಲ್ಲ. ನನ್ನ ತಮ್ಮ ಕೆಲವು ವರ್ಷ ಹುಡುಕಿ ಕಂಡುಕೊಂಡದ್ದು ತುರ್ಕಿಯವರ ತರಕಾರಿ ಅಂಗಡಿಯಲ್ಲಿ. ಏಪ್ರಿಲ್ ಕೊನೆಯಿಂದ ಜೂನ್‌ವರೆಗೆ ಅಲ್ಲಿ ಎರಿಕ್ ಎಂಬ ಹಸಿರು ಪ್ಲಮ್ ಬರುತ್ತದೆ: ನೆಲ್ಲಿಕಾಯಿಗಿಂತ ತುಸು ದೊಡ್ಡದು, ಹುಳಿ, ಕಚ್ಚಿದರೆ ಕಟಕ್. ತುರ್ಕಿಯವರು ಅದನ್ನು ಉಪ್ಪು ಅದ್ದಿಕೊಂಡು ತಿನ್ನುತ್ತಾರೆ, ನಾವು ಶಾಲೆಯಿಂದ ಬರುವಾಗ ಮಿಡಿ ತಿಂದ ಹಾಗೆಯೇ. ಋತುವಿನ ಮೊದಲಲ್ಲಿ ಬಂದದ್ದನ್ನೇ ಕೊಳ್ಳಬೇಕು, ಆಗ ಒಳಗಿನ ಬೀಜ ಎಳೆಯದಾಗಿರುತ್ತದೆ. ಇದನ್ನು ಇಡಿಯಾಗಿ, ತೂಕದ ಐದನೆಯ ಒಂದು ಪಾಲು ಉಪ್ಪಿನಲ್ಲಿ ಹಾಕಿ ಮೇಲೊಂದು ಭಾರ ಇಟ್ಟರೆ ನಮ್ಮ ಭರಣಿಯಲ್ಲಿ ಆಗುವುದೇ ಅಲ್ಲಿಯೂ ಆಗುತ್ತದೆ. ಜಪಾನಿನವರು ಉಮೆಬೊಶಿ ಮಾಡುವುದೂ ಹೆಚ್ಚುಕಡಿಮೆ ಹೀಗೆಯೇ. ಜೂನ್ ಹೊತ್ತಿಗೆ ಬರುವ ಉಮೆ ಕಾಯಿಯನ್ನು 18ರಿಂದ 20 ಶೇಕಡಾ ಉಪ್ಪಿನಲ್ಲಿಟ್ಟು, ಅದು ತಾನೇ ಬಿಟ್ಟ ನೀರಿನಲ್ಲಿ ಮುಳುಗಿಸಿ, ಆಮೇಲೆ ಬಿಸಿಲಿಗೆ ಹಾಕುತ್ತಾರೆ. ಅಂಬಡೆ ಬೇಕೆನಿಸಿದರೆ ಶ್ರೀಲಂಕಾ ತಮಿಳರ ಅಂಗಡಿಯಲ್ಲಿ ಅದರ ಹತ್ತಿರದ ಬಂಧುವಾದ ಅಂಬರೆಲ್ಲ ಕೇಳಬಹುದು. ಅಮೆರಿಕದಲ್ಲಿರುವವರಿಗೆ ಚಳಿಗಾಲದ ಮುಂಚೆ ಬರುವ ಕ್ರ್ಯಾನ್‌ಬೆರಿ ಇದೆ, ಒಗ್ಗರಣೆ ಕೊಟ್ಟ ದಿಢೀರ್ ಉಪ್ಪಿನಕಾಯಿಗೆ ಚೆನ್ನಾಗಿ ಒಗ್ಗುತ್ತದೆ.

ಆದರೆ ಇವುಗಳಲ್ಲಿ ಯಾವುದರಲ್ಲಿಯೂ ಅಪ್ಪೆಯ ಸೊನೆ ಇಲ್ಲ. ಅಪ್ಪೆಯ ಪರಿಮಳ ಇರುವುದು ಸಿಪ್ಪೆಯ ನಾಳಗಳಲ್ಲಿ ತುಂಬಿರುವ ಆ ಸೊನೆಯ ಟರ್ಪೀನ್ ಎಂಬ ಸುವಾಸನೆಯ ಎಣ್ಣೆಗಳಲ್ಲಿ. ಒಂದು ಮರದ ಮಿಡಿ ಜೀರಿಗೆಯಂತೆ ಘಮಘಮಿಸಿದರೆ ಇನ್ನೊಂದರದು ಕರ್ಪೂರದಂತಿರುವುದೂ, ಅಘನಾಶಿನಿ, ಬೇಡ್ತಿಯ ದಂಡೆಗಳಲ್ಲಿ ಮರ ಮರಕ್ಕೂ ಜನ ಹೆಸರಿಟ್ಟಿರುವುದೂ, ಅಪ್ಪೆಮಿಡಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿರುವುದೂ ಇದರಿಂದಲೇ. ಅದಕ್ಕೆ ನನ್ನ ತಮ್ಮ ಮಾಡುವ ಉಪಾಯ ಇಷ್ಟು: ಎರಿಕ್ ಬಾಟಲಿಯ ನಡುವೆ ಊರಿನ ಉಪ್ಪಿನ ಮಿಡಿ ಐದಾರು ಸೇರಿಸುತ್ತಾನೆ. ತಿಂಗಳ ಮೇಲೆ ಮುಚ್ಚಳ ತೆಗೆದರೆ ವಾಸನೆ ಅಪ್ಪೆಯದೇ, ಮೊಸರನ್ನಕ್ಕೆ ಕಚ್ಚಿದ ಮೇಲಷ್ಟೇ ಗುಟ್ಟು ಬಯಲಾಗುತ್ತದೆ.

ಬರುವ ಮಾಘ, ಫಾಲ್ಗುಣದಲ್ಲಿ ಮಿಡಿ ಹಾಕುವಾಗ ಮಗಳ ಪಾಲಿಗೆ ಒಂದು ಚಿಕ್ಕ ಭರಣಿಯನ್ನು ಬೇರೆಯೇ ಕಟ್ಟಿಡಿ, ಎರಡು ಕಿಲೋ ಮಿಡಿ ಸಾಕು. ಮನೆಯವರು ಊಟಕ್ಕೆ ಕುಳಿತಾಗ ಕೈ ಹಾಕದಂತೆ ಬಟ್ಟೆ ಬಿಗಿದು, ಮೇಲೆ ಅವಳ ಹೆಸರು ಬರೆಯಿರಿ.