ಸಿಸ್ಟರ್ ಅವರೇ ಹಾಕಿಸಿಕೊಂಡಿಲ್ಲ, ನಮಗೇಕೆ ಫ್ಲೂ ಲಸಿಕೆ?

ಪ್ರಶ್ನೆ: ನನಗೆ ಸಕ್ಕರೆ ಕಾಯಿಲೆಯಿದೆ. ಮಳೆ ಹಿಡಿಯುವ ಮೊದಲು ಫ್ಲೂ ಲಸಿಕೆ ಹಾಕಿಸಿಕೊಳ್ಳಿ ಎಂದು ಡಾಕ್ಟರು ಹೇಳಿದರು. ಅದೇ ಆಸ್ಪತ್ರೆಯ ಸಿಸ್ಟರ್ ಮಾತ್ರ, ‘ನಾನಂತೂ ಹಾಕಿಸಿಕೊಂಡಿಲ್ಲ, ಹಾಕಿಸಿಕೊಂಡರೆ ಫ್ಲೂ ಬರುತ್ತದೆ’ ಎಂದರು. ಒಳಗಿನವರಿಗೇ ನಂಬಿಕೆಯಿಲ್ಲದಿದ್ದರೆ ನಾವೇಕೆ ನಂಬಬೇಕು?

ಉತ್ತರ: ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಎಂದು ಊರಿನ ಹೆಸರು ಬದಲಾಗುತ್ತದೆಯೇ ಹೊರತು, ಮೇ ತಿಂಗಳಿನಲ್ಲಿ ಬರುವ ಈ ಪ್ರಶ್ನೆ ಬದಲಾಗುವುದಿಲ್ಲ. ಹಾಕಿಸಿಕೊಳ್ಳಿ. ಸಿಸ್ಟರ್ ಹಾಕಿಸಿಕೊಳ್ಳದಿರುವುದರ ಹಿಂದೆ ನಿಮ್ಮಿಂದ ಮುಚ್ಚಿಟ್ಟ ಗುಟ್ಟೇನೂ ಇಲ್ಲ. ಪಾಳಿ ಮುಗಿಯುವಷ್ಟರಲ್ಲಿ ಬಸ್ಸಿನ ಹೊತ್ತಾಗಿರುತ್ತದೆ, ಲಸಿಕೆಗೆ ಕೈಯಿಂದ ದುಡ್ಡು ಕೊಡಬೇಕಾಗುತ್ತದೆ, ರೋಗಿಗಳ ನಡುವೆಯೇ ಇರುವ ತಮಗೆ ಶಕ್ತಿ ತಾನಾಗಿ ಬಂದಿದೆ ಎಂಬ ಧೈರ್ಯವೂ ಇರುತ್ತದೆ. ಇದೆಲ್ಲದರ ಮೇಲೆ, ನಿಮ್ಮ ಪಕ್ಕದ ಮನೆಯವರು ನಂಬಿರುವ ತಪ್ಪು ಮಾತನ್ನೇ ಅವರೂ ನಂಬಿದ್ದಾರೆ.

ಆ ಮಾತನ್ನು ಎಷ್ಟು ಸಲ ಅಲ್ಲಗಳೆದರೂ ಅದು ಮತ್ತೆ ಎದ್ದು ಕೂರುವುದರಿಂದ ಈ ಸಲ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ. ತೋಳಿಗೆ ಚುಚ್ಚುವ ಫ್ಲೂ ಲಸಿಕೆಯಲ್ಲಿ ಜೀವಂತ ವೈರಸ್ ಇರುವುದಿಲ್ಲ. ಇರುವುದು ಕೊಂದ ವೈರಸ್ ಅಥವಾ ಅದರ ತುಣುಕುಗಳು. ದುರ್ಬಲಗೊಳಿಸಿದ ಜೀವಂತ ವೈರಸ್ಸನ್ನು ಬಳಸುವುದು ಮೂಗಿಗೆ ಸಿಂಪಡಿಸುವ ಬಗೆಯಲ್ಲಿ ಮಾತ್ರ, ನಿಮಗೆ ಹೇಳಿರುವುದು ಅದಲ್ಲ. ಒಂದು ಗುಂಪಿಗೆ ಲಸಿಕೆಯನ್ನೂ ಇನ್ನೊಂದಕ್ಕೆ ಬರೀ ಉಪ್ಪುನೀರನ್ನೂ ಯಾರಿಗೆ ಯಾವುದೆಂದು ತಿಳಿಸದೆ ಚುಚ್ಚಿ ನೋಡಿದ ಪ್ರಯೋಗಗಳಲ್ಲಿ, ಲಸಿಕೆ ಪಡೆದವರಲ್ಲಿ ಎದ್ದು ಕಂಡದ್ದು ತೋಳಿನ ನೋವು ಮತ್ತು ಕೆಂಪು. ಕೆಲವರಿಗೆ ಒಂದೆರಡು ದಿನ ಮೈ ಬಿಸಿಯಾಗುವುದುಂಟು, ಆದರೆ ಅದು ಫ್ಲೂ ಅಲ್ಲ.

ಹಾಗಾದರೆ ‘ಚುಚ್ಚಿಸಿಕೊಂಡ ವಾರದಲ್ಲೇ ಮಲಗಿದೆ’ ಎನ್ನುವವರೆಲ್ಲ ಸುಳ್ಳು ಹೇಳುತ್ತಾರೆಯೇ? ಇಲ್ಲ, ಅವರು ಮಲಗಿದ್ದು ನಿಜ. ಲಸಿಕೆಯ ರಕ್ಷಣೆ ಕೂಡಿಬರಲು ಸುಮಾರು ಎರಡು ವಾರ ಬೇಕು. ಜೂನ್ ಹುಟ್ಟಿ, ಊರೆಲ್ಲ ಕೆಮ್ಮತೊಡಗಿದ ಮೇಲೆ ಚುಚ್ಚಿಸಿಕೊಂಡವರಿಗೆ ಆ ಎರಡು ವಾರದೊಳಗೆ ಸೋಂಕು ತಗಲುತ್ತದೆ. ಮಳೆಗಾಲದ ನೆಗಡಿಗೆ ಕಾರಣವಾಗುವ ಇತರ ಹತ್ತಾರು ವೈರಸ್‌ಗಳನ್ನು ಈ ಲಸಿಕೆ ತಡೆಯುವುದೂ ಇಲ್ಲ. ಕೊಳೆರೋಗ ತಡೆಯಲು ಮಳೆಗೆ ಮೊದಲು ಬೋರ್ಡೋ ದ್ರಾವಣ ಹೊಡೆಯಬೇಕೆಂದು ಕೊಡಗಿನ ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೊಡೆದ ಮೇಲೂ ಕಾಫಿ ಗಿಡದಲ್ಲಿ ಎಲ್ಲೋ ಕೊಳೆ ಕಂಡರೆ, ಬೋರ್ಡೋದಿಂದಲೇ ಕೊಳೆ ಬಂತು ಎಂದು ಅವರು ದೂರುವುದಿಲ್ಲ. ಆ ವಿವೇಕ ತೋಟದ ಗೇಟು ದಾಟಿದೊಡನೆ ಎಲ್ಲಿ ಹೋಗುತ್ತದೋ ನನಗೆ ತಿಳಿಯದು.

ರಕ್ಷಣೆ ಪೂರ್ಣವಲ್ಲ ಎಂಬುದೂ ನಿಜವೇ. ಲಸಿಕೆಯೂ ಆ ವರ್ಷದ ವೈರಸ್ಸೂ ಚೆನ್ನಾಗಿ ಹೊಂದಿಕೊಂಡಾಗ, ಡಾಕ್ಟರ ಬಳಿಗೆ ಹೋಗಬೇಕಾಗುವಂತಹ ಫ್ಲೂ ಬರುವ ಸಂಭವ ಶೇ 40ರಿಂದ 60ರಷ್ಟು ಕಡಿಮೆಯಾಗುತ್ತದೆ. ಸಕ್ಕರೆ ಕಾಯಿಲೆಯವರಿಗೆ ಫ್ಲೂ ನ್ಯುಮೋನಿಯಾಕ್ಕೆ ತಿರುಗುವ ಭಯ ಹೆಚ್ಚಾದ್ದರಿಂದ ಇದು ಸಣ್ಣ ಲಾಭವೇನಲ್ಲ.

ಅದೇ ಸಿಸ್ಟರ್ ಹೆಪಟೈಟಿಸ್ ಬಿ (ರಕ್ತದ ಮೂಲಕ ಹರಡುವ ಯಕೃತ್ತಿನ ಸೋಂಕು) ಲಸಿಕೆಯನ್ನು ಹಾಕಿಸಿಕೊಂಡಿದ್ದಾರೆಯೇ ಎಂದು ವಿಚಾರಿಸಿ. ಬಹುಶಃ ಹೌದು ಎನ್ನುತ್ತಾರೆ. ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಲು ಹೋಗಿ ಬೆರಳಿಗೆ ಚುಚ್ಚಿಕೊಂಡವರನ್ನು ಅವರು ಕಣ್ಣಾರೆ ಕಂಡಿರುತ್ತಾರೆ. ಲಸಿಕೆಯಿಲ್ಲದವರಿಗೆ ಸೋಂಕಿತರ ಸೂಜಿ ಚುಚ್ಚಿದರೆ ನೂರರಲ್ಲಿ 6ರಿಂದ 30 ಮಂದಿಗೆ ಈ ರೋಗ ಅಂಟಬಹುದು.

ಇಲ್ಲಿ ನೀವು ಕೇಳದಿರುವ ಪ್ರಶ್ನೆಯೊಂದಿದೆ: ಅದೇ ವಾರ್ಡಿನ ಕಸದ ಚೀಲವನ್ನು ಹೊತ್ತು ಮೆಟ್ಟಿಲಿಳಿಯುವವರ ಗತಿಯೇನು? ಸೂಜಿಗಳು ಚುಚ್ಚಿದರೂ ತೂತಾಗದ ಬಿಳಿ ಡಬ್ಬಕ್ಕೆ ಸೇರಬೇಕು. ಅವಸರದಲ್ಲಿ ಹಳದಿ ಚೀಲಕ್ಕೆ ಬಿದ್ದದ್ದು ಹೊತ್ತವರ ತೊಡೆಗೆ ಚುಚ್ಚುತ್ತದೆ. ಇವರಿಗೂ ಹೆಪಟೈಟಿಸ್ ಬಿ ಮತ್ತು ಧನುರ್ವಾಯುವಿನ ಲಸಿಕೆಗಳನ್ನು ಹಾಕಿಸಬೇಕೆಂದು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು ಆಸ್ಪತ್ರೆಗೇ ಹೊಣೆ ಹೊರಿಸಿವೆ. ಆದರೆ ಹೆಪಟೈಟಿಸ್ ಬಿ ಲಸಿಕೆಯ ಮೂರನೆಯ ಡೋಸ್ ಬರುವುದು ಆರನೆಯ ತಿಂಗಳಿಗೆ, ಅಷ್ಟರಲ್ಲಿ ಗುತ್ತಿಗೆಯ ಕೆಲಸಗಾರರು ಕಾಫಿ ಕೊಯ್ಲಿಗೋ ಬೇರೆ ಊರಿಗೋ ಹೋಗಿಬಿಟ್ಟಿರಬಹುದು. ಹಾಗೆ ನಡುವೆ ನಿಂತವರು ಮೊದಲಿನಿಂದ ಆರಂಭಿಸಬೇಕಾಗಿಲ್ಲ. ಎಷ್ಟು ತಡವಾಗಿದ್ದರೂ ಉಳಿದ ಡೋಸ್ ಹಾಕಿಸಿಕೊಂಡರೆ ಸಾಕು.